ಯುದ್ಧಕಾಲದ ಜರ್ಮನ್ ಸೈನಿಕ ಛಾಯಾಚಿತ್ರಗಳು: ಸಂಗ್ರಹ ಮತ್ತು ಗುರುತಿಸುವಿಕೆ



1939ರಿಂದ 1945ರವರೆಗೆ ಜರ್ಮನಿಯ ಸೈನ್ಯ ಹೋದಲ್ಲೆಲ್ಲ ಕ್ಯಾಮೆರಾವೂ ಜೊತೆಗೆ ಹೋಯಿತು. ಪೋಲೆಂಡಿನ ರಸ್ತೆಯಲ್ಲಿ, ಫ್ರಾನ್ಸಿನ ಹಳ್ಳಿಯ ಚೌಕದಲ್ಲಿ, ಲಿಬಿಯದ ಮರಳಿನಲ್ಲಿ, ಉಕ್ರೇನಿನ ಕೆಸರಿನಲ್ಲಿ ನಿಂತ ಟ್ಯಾಂಕು, ಲಾರಿ, ಮೋಟಾರ್‌ಸೈಕಲ್ಲುಗಳ ಚಿತ್ರಗಳು ಮತ್ತು ಅವುಗಳ ಪಕ್ಕದಲ್ಲಿ ನಗುತ್ತಲೋ ಬಿಗಿದುಕೊಂಡೋ ನಿಂತ ತರುಣರ ಚಿತ್ರಗಳು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಯುರೋಪಿನ ಪತ್ರಾಗಾರಗಳಲ್ಲೂ ಹರಾಜುಕಟ್ಟೆಗಳಲ್ಲೂ ಮನೆಗಳ ಅಟ್ಟದ ಮೇಲಿನ ಪೆಟ್ಟಿಗೆಗಳಲ್ಲೂ ಉಳಿದುಕೊಂಡಿವೆ. ಇವನ್ನು ಹುಡುಕಿ, ಕೊಂಡು, ಕೂಡಿಟ್ಟು, ಇದು ಯಾವ ಮಾದರಿಯ ವಾಹನ, ಯಾವ ದಳಕ್ಕೆ ಸೇರಿದ್ದು, ಯಾವ ಊರಿನಲ್ಲಿ ಯಾವ ತಿಂಗಳು ತೆಗೆದದ್ದು ಎಂದು ವರ್ಷಗಟ್ಟಲೆ ತಲೆ ಕೆಡಿಸಿಕೊಳ್ಳುವ ಸಂಗ್ರಾಹಕರ ಬಳಗ ಹಲವು ದೇಶಗಳಲ್ಲಿ ಹರಡಿದೆ. ವಿಶ್ವವಿದ್ಯಾಲಯಗಳ ಇತಿಹಾಸಕಾರರು ಈ ಬಳಗವನ್ನು ಬಹುಕಾಲ ದೂರದಿಂದಲೇ ನೋಡಿದರು. ನಟ್ಟು ಬೋಲ್ಟು ಎಣಿಸುವವರ ಕೆಲಸ ಎಂಬ ತಾತ್ಸಾರ ಒಂದು ಕಡೆ, ನಾಜಿ ಆಳ್ವಿಕೆಯ ಆಯುಧಗಳ ಬಗೆಗಿನ ಬೆರಗು ಎಲ್ಲಿ ಆರಾಧನೆಯಾಗಿಬಿಡುತ್ತದೋ ಎಂಬ ಅಂಜಿಕೆ ಇನ್ನೊಂದು ಕಡೆ. ಅಂಜಿಕೆಗೆ ಆಧಾರವಿದೆ, ತಾತ್ಸಾರಕ್ಕೆ ಇಲ್ಲ. ಚಕ್ರವೆಷ್ಟು, ಹೊಗೆಕೊಳವೆ ಎಲ್ಲಿ, ಅಂಗಿಯ ಕಾಲರಿನ ಬಣ್ಣ ಯಾವುದು ಎಂಬ ಸಣ್ಣ ತಿಳಿವಳಿಕೆಯೇ ಚಿತ್ರವೊಂದರ ಕಾಲವನ್ನೂ ಸ್ಥಳವನ್ನೂ ಹೊಣೆಗಾರರನ್ನೂ ನಿರ್ಣಯಿಸುವ ಗಟ್ಟಿ ಸಾಧನವಾಗಬಲ್ಲದು ಎಂಬುದು ಈ ಉಪನ್ಯಾಸದ ಪ್ರತಿಪಾದನೆ. ಆ ತಿಳಿವಳಿಕೆಗೆ ಬೆಲೆ ಬರುವುದು ಚಿತ್ರವು ಅದರ ಆಲ್ಬಮ್ಮು, ಬೆನ್ನಬರಹ ಮತ್ತು ನೆರೆಯ ಚಿತ್ರಗಳೊಡನೆ ಉಳಿದುಕೊಂಡಾಗ ಮಾತ್ರ ಎಂಬುದು ಅದಕ್ಕೆ ಹೊಂದಿಕೊಂಡ ಎರಡನೆಯ ಮಾತು.

ಈ ಚಿತ್ರರಾಶಿಗೆ ಎರಡು ಮೂಲಗಳಿವೆ. ಮೊದಲನೆಯದು ಸರ್ಕಾರಿ ಮೂಲ. ಗೋಬೆಲ್ಸ್‌ನ ಪ್ರಚಾರ ಸಚಿವಾಲಯಕ್ಕೂ ಸೈನ್ಯದ ಹಿರಿಯ ಕಚೇರಿಗೂ ಆದ ಒಪ್ಪಂದದಂತೆ 1938ರಲ್ಲಿ, ಚೆಕೊಸ್ಲೊವಾಕಿಯದ ಸುಡೆಟೆನ್ ಪ್ರಾಂತವನ್ನು ಆಕ್ರಮಿಸಿಕೊಳ್ಳುವ ಹೊತ್ತಿಗೆ, ಪ್ರೊಪಗಾಂಡ ಕೊಂಪನಿ ಎಂಬ ಹೆಸರಿನ ಮೊದಲ ದಳಗಳು ಹುಟ್ಟಿಕೊಂಡವು. ಪತ್ರಕರ್ತರು, ಛಾಯಾಗ್ರಾಹಕರು, ಸಿನಿಮಾ ಕ್ಯಾಮೆರಾದವರು, ರೇಡಿಯೋ ವರದಿಗಾರರು ಸಮವಸ್ತ್ರ ತೊಟ್ಟು ಸೈನಿಕರಾಗಿಯೇ ಈ ದಳಗಳಲ್ಲಿ ದುಡಿದರು. ಅವರು ತೆಗೆದ ಚಿತ್ರಗಳು ಸೆನ್ಸಾರನ್ನು ದಾಟಿ ಬರ್ಲಿನ್ನಿನಿಂದ ಪತ್ರಿಕೆಗಳಿಗೆ ಹಂಚಿಕೆಯಾಗುತ್ತಿದ್ದವು. ಹಲವು ಭಾಷೆಗಳಲ್ಲಿ 1940ರ ಏಪ್ರಿಲಿನಿಂದ ಪ್ರಕಟವಾದ ‘ಸಿಗ್ನಲ್’ ಎಂಬ ಸಚಿತ್ರ ಪತ್ರಿಕೆಗೆ ಇವೇ ಜೀವಾಳವಾಗಿದ್ದವು. ಹೀಗೆ ತೆಗೆದ ಚಿತ್ರಗಳಲ್ಲಿ ಉಳಿದವುಗಳ ದೊಡ್ಡ ಭಾಗ ಇಂದು ಜರ್ಮನಿಯ ಒಕ್ಕೂಟ ಸರ್ಕಾರದ ಪತ್ರಾಗಾರವಾದ ಬುಂಡೆಸ್‌ಆರ್ಕೀವ್‌ನ ಕೊಬ್ಲೆನ್ಸ್ ಶಾಖೆಯಲ್ಲಿ ‘ಬಿಲ್ಡ್ 101’ ಎಂಬ ಶ್ರೇಣಿಸಂಖ್ಯೆಯಡಿ ಸಂಗ್ರಹವಾಗಿದೆ. ಭೂಸೈನ್ಯ ಮತ್ತು ವಾಯುಸೈನ್ಯದ ಚಿತ್ರಗಳು, ನೌಕಾಪಡೆಯ ಚಿತ್ರಗಳು, ನಾಜಿ ಪಕ್ಷದ ಎಸ್‌ಎಸ್ ಸಂಘಟನೆಯ ಸೈನಿಕ ವಿಭಾಗವಾದ ವಾಫೆನ್ ಎಸ್‌ಎಸ್‌ನ ಚಿತ್ರಗಳು ಎಂದು ಅದಕ್ಕೆ ರೋಮನ್ ಅಂಕೆಗಳ ಉಪವಿಭಾಗಗಳಿವೆ. 2008ರ ಡಿಸೆಂಬರಿನಲ್ಲಿ ಈ ಸಂಸ್ಥೆ ತನ್ನ ಇಡೀ ಚಿತ್ರಭಂಡಾರದಿಂದ ಆಯ್ದ ಸುಮಾರು ಒಂದು ಲಕ್ಷ ಚಿತ್ರಗಳನ್ನು ಸಾರ್ವಜನಿಕರ ಬಳಕೆಗೆ ತೆರೆದಿಟ್ಟಾಗ ಮೂಲ ಶೀರ್ಷಿಕೆಗಳನ್ನು ಬದಲಿಸದೆ ಉಳಿಸಿಕೊಂಡು, ಅವು ತಪ್ಪಾಗಿರಬಹುದು, ಪಕ್ಷಪಾತದಿಂದ ಕೂಡಿರಬಹುದು ಎಂಬ ಎಚ್ಚರಿಕೆಯನ್ನೂ ಜೊತೆಗೆ ಕೊಟ್ಟಿತು. ಪ್ರಚಾರ ದಳದವನು ಬರೆದ ಶೀರ್ಷಿಕೆಯೂ ಒಂದು ದಾಖಲೆಯೇ ಆಗಿರುವುದರಿಂದ ಅದನ್ನು ಅಳಿಸದೆ ಉಳಿಸಿ, ತಿದ್ದುಪಡಿಯನ್ನು ಅದರ ಪಕ್ಕದಲ್ಲಿ ಬರೆಯುವ ಕ್ರಮವೇ ಸರಿ.

ಎರಡನೆಯ ಮೂಲ ಸಾಮಾನ್ಯ ಸೈನಿಕ. ಛಾಯಾಗ್ರಹಣದ ಉದ್ಯಮದಲ್ಲಿ ಜರ್ಮನಿ ಆಗ ಮುಂಚೂಣಿಯಲ್ಲಿತ್ತು. ವೆಟ್ಸ್ಲಾರ್ ಊರಿನ ಲೈಟ್ಸ್ ಕಾರ್ಖಾನೆ 1925ರಲ್ಲಿ ಲೈಕಾವನ್ನೂ, ಡ್ರೆಸ್ಡೆನ್ನಿನ ಝೈಸ್ ಇಕಾನ್ 1932ರಲ್ಲಿ ಕಾಂಟ್ಯಾಕ್ಸನ್ನೂ ಮಾರುಕಟ್ಟೆಗೆ ತಂದಿದ್ದವು. ಆದರೆ ಸೈನಿಕನ ಚೀಲದಲ್ಲಿ ಹೆಚ್ಚಾಗಿ ಇದ್ದದ್ದು ಈ ದುಬಾರಿ ಯಂತ್ರಗಳಲ್ಲ, ಮಡಚುವ ಸಾಧಾರಣ ಕ್ಯಾಮೆರಾ ಅಥವಾ ಪೆಟ್ಟಿಗೆ ಕ್ಯಾಮೆರಾ. 1932ರಲ್ಲಿ ಆಗ್ಫಾ ಕಂಪನಿ ತನ್ನ ಪೆಟ್ಟಿಗೆ ಕ್ಯಾಮೆರಾವನ್ನು, ಎ, ಜಿ, ಎಫ್, ಎ ಎಂಬ ಟಂಕಸಾಲೆ ಅಕ್ಷರಗಳಿರುವ ನಾಲ್ಕು ಒಂದು ಮಾರ್ಕಿನ ನಾಣ್ಯಗಳನ್ನು ಹೊಂದಿಸಿ ತಂದವರಿಗೆ ಕೊಡುವ ಜಾಹೀರಾತು ನಡೆಸಿ, ಕ್ಯಾಮೆರಾವನ್ನು ದುಡಿಯುವ ವರ್ಗದ ಮನೆಗಳಿಗೂ ತಲುಪಿಸಿತ್ತು. ಆರು ಗುಣಿಸು ಒಂಬತ್ತು ಸೆಂಟಿಮೀಟರ್ ಅಳತೆಯ, ಅಂಚನ್ನು ಅಲೆಅಲೆಯಾಗಿ ಕತ್ತರಿಸಿದ ಪ್ರಿಂಟುಗಳು ಇಂದಿನ ಸಂಗ್ರಹಗಳಲ್ಲಿ ಹೇರಳವಾಗಿರುವುದಕ್ಕೆ ಇಂಥ ಕ್ಯಾಮೆರಾಗಳೇ ಕಾರಣ. ಫಿಲ್ಮ್ ಸುರುಳಿಯನ್ನು ಸೈನಿಕ ಅಂಚೆಯಲ್ಲಿ ಊರಿಗೆ ಕಳುಹಿಸಿ ಅಲ್ಲಿನ ಸ್ಟುಡಿಯೋದಲ್ಲಿ ತೊಳೆಸುವುದು, ಇಲ್ಲವೇ ಆಕ್ರಮಿತ ಪಟ್ಟಣದ ಅಂಗಡಿಯಲ್ಲಿಯೇ ಪ್ರಿಂಟು ಹಾಕಿಸುವುದು ವಾಡಿಕೆಯಾಗಿತ್ತು. ಒಬ್ಬ ತೆಗೆದ ಚಿತ್ರವನ್ನು ಜೊತೆಗಾರರು ಪ್ರತಿಗಳಾಗಿ ಹಂಚಿಕೊಳ್ಳುತ್ತಿದ್ದುದರಿಂದ ಒಂದೇ ಚಿತ್ರ ನಾಲ್ಕಾರು ಆಲ್ಬಮ್ಮುಗಳಲ್ಲಿ ಸಿಗುತ್ತದೆ. ಆಲ್ಬಮ್ಮಿನ ಒಡೆಯನೇ ಚಿತ್ರ ತೆಗೆದವನು, ಅಥವಾ ಅವನು ಆ ಸ್ಥಳದಲ್ಲಿ ಇದ್ದವನು ಎಂದು ಭಾವಿಸಿಕೊಳ್ಳುವುದು ಹೊಸ ಸಂಗ್ರಾಹಕರು ಮಾಡುವ ಮೊದಲ ತಪ್ಪು.

ಪ್ರಿಂಟಿನ ಮುಖಕ್ಕಿಂತ ಅದರ ಬೆನ್ನನ್ನು ಮೊದಲು ಓದಬೇಕು ಎಂಬುದು ಅನುಭವಿಗಳ ಕ್ರಮ. ಕಾಗದದ ಹಿಂಬದಿಯಲ್ಲಿ ಆಗ್ಫಾ ಲುಪೆಕ್ಸ್, ಲಿಯೊನಾರ್, ಮಿಮೋಸ, ವೆಲಾಕ್ಸ್ ಮುಂತಾದ ತಯಾರಕರ ಮುದ್ರೆ ನವುರಾಗಿ ಮೂಡಿರುತ್ತದೆ. ಸ್ಟುಡಿಯೋದ ರಬ್ಬರ್ ಮೊಹರು, ಎಷ್ಟು ಪ್ರತಿ ಬೇಕೆಂಬ ಪೆನ್ಸಿಲ್ ಅಂಕೆ, ಆಲ್ಬಮ್ಮಿನಿಂದ ಕಿತ್ತಾಗ ಅಂಟಿಕೊಂಡು ಬಂದ ಕಪ್ಪು ಕಾಗದದ ಚೂರು, ಇವೆಲ್ಲ ಚಿತ್ರದ ಜೀವನಚರಿತ್ರೆಯ ಪುಟಗಳು. ಕೈಬರಹ ಅನೇಕ ವೇಳೆ ಕುರೆಂಟ್ ಅಥವಾ ಸ್ಯೂಟರ್ಲಿನ್ ಎಂಬ ಹಳೆಯ ಜರ್ಮನ್ ಮೋಡಿಲಿಪಿಯಲ್ಲಿರುತ್ತದೆ. ಶಾಲೆಗಳಲ್ಲಿ ಆ ಲಿಪಿಯನ್ನು ಕಲಿಸುವುದನ್ನು 1941ರಲ್ಲಿ ಕೈಬಿಟ್ಟ ಕಾರಣ ಇಂದಿನ ಜರ್ಮನ್ನರಲ್ಲಿಯೂ ಅದನ್ನು ಸರಾಗವಾಗಿ ಓದಬಲ್ಲವರು ವಿರಳ. ಲೆಂಬೆರ್ಗ್ ಎಂದು ಬರೆದಿದ್ದರೆ ಅದು ಇಂದಿನ ಉಕ್ರೇನಿನ ಲ್ವಿವ್, ರೇವಾಲ್ ಎಂದಿದ್ದರೆ ಎಸ್ಟೋನಿಯದ ತಾಲಿನ್ ಎಂದು ಊರುಗಳ ಹಳೆಯ ಜರ್ಮನ್ ಹೆಸರುಗಳನ್ನು ಇಂದಿನ ಭೂಪಟಕ್ಕೆ ಹೊಂದಿಸಿಕೊಳ್ಳಬೇಕಾಗುತ್ತದೆ. ಇನ್ನು ನಕಲಿಗಳ ಮಾತು. ಹಳೆಯ ಚಿತ್ರಗಳ ಬೆಲೆ ಏರಿದಂತೆಲ್ಲ ಹೊಸ ಕಾಗದದ ಮೇಲೆ ಹಳೆಯ ನೆಗೆಟಿವ್‌ನಿಂದ ಪ್ರಿಂಟು ಹಾಕಿ, ಚಹಾದಲ್ಲಿ ಅದ್ದಿ, ಅಂಚು ಸವೆಸಿ ಮಾರುವ ದಂಧೆ ಬೆಳೆದಿದೆ. ಕತ್ತಲೆಯಲ್ಲಿ ನೇರಳಾತೀತ ದೀಪ ಹಿಡಿದರೆ 1950ರ ದಶಕದಿಂದೀಚೆಗೆ ಕಾಗದಕ್ಕೆ ಬೆರೆಸತೊಡಗಿದ ಹೊಳಪುಕಾರಕ ರಾಸಾಯನಿಕಗಳು ತಿಳಿನೀಲಿಯಾಗಿ ಮಿನುಗುತ್ತವೆ. ಯುದ್ಧಕಾಲದ ಕಾಗದ ಮಂಕಾಗಿಯೇ ಇರುತ್ತದೆ. ಪರೀಕ್ಷೆ ಸರಳ, ಖರ್ಚು ಕಡಿಮೆ. ಆದರೂ ಬಹಳ ಮಂದಿ ಹಣ ಕೊಟ್ಟಾದ ಮೇಲೆ ದೀಪ ಹಚ್ಚುತ್ತಾರೆ.

ಸಭಿಕರೇ, ಈಗ ವಾಹನಗಳ ಗುರುತಿನ ವಿಷಯ. ಜರ್ಮನ್ ಸೈನ್ಯ ತನ್ನ ವಿಶೇಷ ವಾಹನಗಳಿಗೆ ಸೋಂಡರ್‌ಕ್ರಾಫ್ಟ್‌ಫಾರ್‌ಟ್ಸೊಯ್ಗ್, ಅಂದರೆ ವಿಶೇಷ ಮೋಟಾರು ವಾಹನ, ಎಂಬ ಶೀರ್ಷಿಕೆಯಡಿ ಕ್ರಮಸಂಖ್ಯೆಗಳನ್ನು ಕೊಟ್ಟಿತ್ತು. ಟ್ಯಾಂಕುಗಳಲ್ಲಿ ಮೂರನೆಯ ಪಾನ್ಜರ್‌ಗೆ 141, ನಾಲ್ಕನೆಯದಕ್ಕೆ 161, ಪ್ಯಾಂಥರ್‌ಗೆ 171, ಟೈಗರ್‌ಗೆ 181, ಮುಂದೆ ಗಾಲಿ ಹಿಂದೆ ಸರಪಳಿ ಪಟ್ಟಿ ಇರುವ ಕವಚಿತ ಸೈನಿಕ ವಾಹನಕ್ಕೆ 251. ಒಂದೊಂದು ಮಾದರಿಯೊಳಗೂ ಕಾಲಕಾಲಕ್ಕೆ ಆದ ತಿದ್ದುಪಡಿಗಳನ್ನು ಎ, ಬಿ, ಸಿ ಎಂಬ ಅಕ್ಷರಗಳಿಂದ ಸೂಚಿಸುತ್ತಿದ್ದರು. ಸಂಶೋಧಕರಾದ ವಾಲ್ಟರ್ ಶ್ಪೀಲ್‌ಬೆರ್ಗರ್, ಮುಂದೆ ಥಾಮಸ್ ಜೆಂಟ್ಸ್ ಮತ್ತು ಹಿಲರಿ ಡಾಯ್ಲ್ ಮೊದಲಾದವರು ಕಾರ್ಖಾನೆಯ ಕಾಗದಪತ್ರಗಳು, ಸೇನಾ ಆದೇಶಗಳು ಮತ್ತು ಉಳಿದ ವಾಹನಗಳ ಅಳತೆಗಳನ್ನು ಜೋಡಿಸಿ ಯಾವ ಬದಲಾವಣೆ ಯಾವ ತಿಂಗಳಿನಿಂದ ಜಾರಿಗೆ ಬಂತು ಎಂಬುದನ್ನು ಬಹುಮಟ್ಟಿಗೆ ನಿಷ್ಕರ್ಷಿಸಿದ್ದಾರೆ. ಶಾಸನವೊಂದರ ಕಾಲವನ್ನು ಲಿಪಿಯ ಲಕ್ಷಣಗಳಿಂದ ನಿರ್ಣಯಿಸುವ ಲಿಪಿಶಾಸ್ತ್ರಜ್ಞನ ಕೆಲಸಕ್ಕೂ ಇದಕ್ಕೂ ತರ್ಕದಲ್ಲಿ ಅಂತರವಿಲ್ಲ: ಒಂದು ಲಕ್ಷಣ ಮೊದಲು ಕಾಣಿಸಿಕೊಂಡ ಕಾಲ ಗೊತ್ತಾದರೆ ಅದನ್ನು ಹೊತ್ತ ವಸ್ತು ಅದಕ್ಕೂ ಹಿಂದಿನದಾಗಲಾರದು.

ಒಂದು ಉದಾಹರಣೆಯನ್ನು ಬಿಡಿಸಿ ನೋಡಬಹುದು. ಹಿಂಬದಿಯಿಂದ ಓರೆಯಾಗಿ ತೆಗೆದ ಚಿತ್ರವೊಂದರಲ್ಲಿ ಕೆಟ್ಟು ನಿಂತ ಟ್ಯಾಂಕ್ ಇದೆ, ‘ಕುರ್ಸ್ಕ್, 1943’ ಎಂದು ಯಾರೋ ಬರೆದಿದ್ದಾರೆ ಎಂದುಕೊಳ್ಳಿ. ಕಾಣುವ ಬದಿಯಲ್ಲಿ ಎಂಟು ಚಿಕ್ಕ ಗಾಲಿಗಳು ಎರಡೆರಡಾಗಿ ಜೋಡಿಕೊಂಡಿರುವುದರಿಂದ ಅದು ನಾಲ್ಕನೆಯ ಪಾನ್ಜರ್ ಎಂಬುದು ಖಚಿತ. ಮೂರನೆಯದಕ್ಕೆ ಆರು ಗಾಲಿ, ಪ್ಯಾಂಥರ್ ಮತ್ತು ಟೈಗರುಗಳಲ್ಲಿ ದೊಡ್ಡ ಗಾಲಿಗಳು ಒಂದರ ಮೇಲೊಂದು ಹೆಣೆದುಕೊಂಡಿರುತ್ತವೆ. ಉಕ್ಕಿನ ಮೈಮೇಲೆ ಬಾಚಣಿಗೆಯಿಂದ ಗೀರಿದಂಥ ಒರಟು ಲೇಪ ಕಾಣುತ್ತದೆ. ಇದು ಅಯಸ್ಕಾಂತದಿಂದ ಅಂಟಿಕೊಳ್ಳುವ ಸ್ಫೋಟಕಗಳನ್ನು ತಡೆಯಲೆಂದು ಬಳಿಯುತ್ತಿದ್ದ ಟ್ಸಿಮ್ಮೆರಿಟ್ ಎಂಬ ಗಾರೆ. ಕಾರ್ಖಾನೆಗಳಲ್ಲಿ ಸುಮಾರು 1943ರ ಸೆಪ್ಟೆಂಬರಿನಿಂದ 1944ರ ಸೆಪ್ಟೆಂಬರಿನವರೆಗೆ ಮಾತ್ರ ಇದನ್ನು ಬಳಿದರು. ರಷ್ಯದ ಕುರ್ಸ್ಕ್ ಕಾಳಗ ನಡೆದದ್ದು 1943ರ ಜುಲೈ ತಿಂಗಳಿನಲ್ಲಿ; ಆದ್ದರಿಂದ ಬರಹ ಅಲ್ಲಿಯೇ ಬಿದ್ದುಹೋಗುತ್ತದೆ. ಇನ್ನೂ ಹತ್ತಿರದಿಂದ ನೋಡಿದರೆ ಹಿಂಭಾಗದಲ್ಲಿ ಮುಖ್ಯ ಎಂಜಿನ್ನಿನ ಅಡ್ಡ ಹೊಗೆಕೊಳವೆ ಇದೆ, ಅದರ ಎಡಕ್ಕೆ ಇರಬೇಕಾದ ಚಿಕ್ಕ ಹೊಗೆಕೊಳವೆ ಇಲ್ಲ. ಆ ಚಿಕ್ಕ ಕೊಳವೆ ಟರೆಟ್ಟನ್ನು, ಅಂದರೆ ತೋಪು ಹೊತ್ತು ತಿರುಗುವ ಮೇಲ್ಭಾಗವನ್ನು, ವಿದ್ಯುತ್ತಿನಿಂದ ತಿರುಗಿಸಲು ಇಟ್ಟಿದ್ದ ಸಹಾಯಕ ಎಂಜಿನ್ನಿನದು. 1944ರ ಆರಂಭದಲ್ಲಿ ತಯಾರಿಕೆಗೆ ಬಂದ ಜೆ ರೂಪದಲ್ಲಿ ಆ ಎಂಜಿನ್ನನ್ನೇ ತೆಗೆದುಹಾಕಿ, ಉಳಿದ ಜಾಗವನ್ನು ಇಂಧನ ಟ್ಯಾಂಕಿಗೆ ಬಿಟ್ಟುಕೊಟ್ಟು, ಟರೆಟ್ಟನ್ನು ಕೈಯಿಂದಲೇ ತಿರುಗಿಸುವಂತೆ ಮಾಡಿದರು. ಗಾರೆ ಇದೆ, ಚಿಕ್ಕ ಕೊಳವೆ ಇಲ್ಲ ಎಂಬ ಎರಡು ಸಂಗತಿಗಳನ್ನು ಕೂಡಿಸಿದರೆ ಈ ವಾಹನ 1944ರ ವಸಂತಕ್ಕೂ ಅದೇ ವರ್ಷದ ಸೆಪ್ಟೆಂಬರಿಗೂ ನಡುವೆ ಕಾರ್ಖಾನೆಯಿಂದ ಹೊರಬಿದ್ದದ್ದು ಎಂದಾಗುತ್ತದೆ. ಚಿತ್ರ ತೆಗೆದ ದಿನ ಮಾತ್ರ ಆ ಅವಧಿಯ ಒಳಗೋ, ಯುದ್ಧ ಮುಗಿಯುವವರೆಗಿನ ಯಾವುದೇ ದಿನವೋ ಆಗಿರಬಹುದು. ತಯಾರಿಕೆಯ ಕಾಲವನ್ನೂ ಚಿತ್ರಣದ ಕಾಲವನ್ನೂ ಒಂದೇ ಎಂದು ತಿಳಿಯುವ ಗೊಂದಲ ಪ್ರಕಟಿತ ಪುಸ್ತಕಗಳಲ್ಲಿಯೂ ವಿರಳವಲ್ಲ.

ಬಣ್ಣದ ವಿಷಯ ಇನ್ನೂ ಸೂಕ್ಷ್ಮ. 1937ರಿಂದ 1940ರ ಮಧ್ಯಭಾಗದವರೆಗೆ ಜರ್ಮನ್ ವಾಹನಗಳಿಗೆ ಗಾಢ ಬೂದು ಬಣ್ಣದ ಮೇಲೆ ಮೂರನೆಯ ಒಂದು ಪಾಲಿನಷ್ಟು ಗಾಢ ಕಂದು ಬಣ್ಣದ ತೇಪೆಗಳನ್ನು ಬಳಿಯಬೇಕೆಂಬ ಆದೇಶವಿತ್ತು. ಕಪ್ಪುಬಿಳುಪು ಚಿತ್ರದಲ್ಲಿ ಈ ಎರಡು ಬಣ್ಣಗಳು ಹೆಚ್ಚುಕಡಿಮೆ ಒಂದೇ ಛಾಯೆಯಾಗಿ ಬೀಳುವುದರಿಂದ ಪೋಲೆಂಡಿಗೆ ನುಗ್ಗಿದ ಟ್ಯಾಂಕುಗಳೆಲ್ಲ ಬರಿಯ ಬೂದು ಬಣ್ಣದವು ಎಂಬ ನಂಬಿಕೆ ದಶಕಗಳ ಕಾಲ ಪುಸ್ತಕಗಳಲ್ಲಿಯೂ ಆಟಿಕೆ ಮಾದರಿಗಳಲ್ಲಿಯೂ ಗಟ್ಟಿಯಾಗಿ ನಿಂತಿತ್ತು. ಆದೇಶಗಳ ಪಠ್ಯ ಬೆಳಕಿಗೆ ಬಂದ ಮೇಲೆ ಹಳೆಯ ಪ್ರಿಂಟುಗಳನ್ನೇ ಮತ್ತೆ ನೋಡಿದವರಿಗೆ, ಬಿಸಿಲು ಓರೆಯಾಗಿ ಬಿದ್ದ ಕಡೆ, ತೇಪೆಗಳ ಅಂಚು ಕಾಣತೊಡಗಿತು. ಏನನ್ನು ಹುಡುಕಬೇಕೆಂದು ತಿಳಿಯುವವರೆಗೆ ಕಣ್ಣೆದುರಿಗಿದ್ದದ್ದೂ ಕಂಡಿರಲಿಲ್ಲ. 1943ರ ಫೆಬ್ರವರಿಯಲ್ಲಿ ಮೂಲಬಣ್ಣ ಡುಂಕೆಲ್‌ಗೆಲ್ಬ್ ಎಂಬ ಮಣ್ಣುಹಳದಿಗೆ ಬದಲಾಗಿ, ಅದರ ಮೇಲೆ ಹಸಿರು ಮತ್ತು ಕೆಂಗಂದು ಬಣ್ಣಗಳನ್ನು ಸೈನಿಕರೇ ಬಳಿದುಕೊಳ್ಳುವ ಪದ್ಧತಿ ಬಂತು. ಫಿಲ್ಮಿನ ಸ್ವಭಾವವೂ ಇಲ್ಲಿ ದಾರಿ ತಪ್ಪಿಸುತ್ತದೆ: ಆರ್ಥೊಕ್ರೋಮ್ಯಾಟಿಕ್ ಎಂದು ಕರೆಯುವ ಬಗೆಯ ಫಿಲ್ಮಿಗೆ ಕೆಂಪು ಬಣ್ಣ ಕಾಣುವುದೇ ಇಲ್ಲವಾದ್ದರಿಂದ ಕೆಂಪೆಲ್ಲ ಕಪ್ಪಾಗಿ ಮೂಡುತ್ತದೆ. ಛಾಯೆಯನ್ನು ನೋಡಿ ಬಣ್ಣವನ್ನು ಧೈರ್ಯವಾಗಿ ಹೇಳುವವರ ಮಾತನ್ನು, ಕಂಪ್ಯೂಟರಿನಲ್ಲಿ ಬಣ್ಣ ತುಂಬಿದ ಚಿತ್ರಗಳನ್ನು ಹೇಗೋ ಹಾಗೆಯೇ, ಅನುಮಾನದಿಂದ ಕೇಳಬೇಕು.

ವಾಹನದ ಮೈಮೇಲಿನ ಗುರುತುಗಳು ದಳವನ್ನು ತಿಳಿಸುತ್ತವೆ. ಪೋಲೆಂಡ್ ದಂಡಯಾತ್ರೆಯಲ್ಲಿ ಟ್ಯಾಂಕುಗಳ ಟರೆಟ್ಟಿನ ಮೇಲೆ ಅಚ್ಚ ಬಿಳಿಯ ದೊಡ್ಡ ಶಿಲುಬೆ ಬರೆಯುತ್ತಿದ್ದರು. ಶತ್ರುವಿನ ತೋಪಿಗೆ ಅದೇ ಗುರಿಯಾದ್ದರಿಂದ ಸೈನಿಕರು ಅದಕ್ಕೆ ಕೆಸರು ಮೆತ್ತಿದರು, ಕೆಲವರು ನಡುಭಾಗಕ್ಕೆ ಹಳದಿ ಬಳಿದರು, ಮರುವರ್ಷ ಫ್ರಾನ್ಸಿಗೆ ಹೋಗುವಾಗ ಬರೀ ಅಂಚುಗೆರೆಯ ಶಿಲುಬೆ ರೂಢಿಗೆ ಬಂದಿತ್ತು. ನಂಬರ್ ಪ್ಲೇಟಿನ ಮೊದಲಲ್ಲಿ ಡಬ್ಲ್ಯು‌ಎಚ್ ಎಂದಿದ್ದರೆ ಭೂಸೈನ್ಯ, ಡಬ್ಲ್ಯು‌ಎಲ್ ಎಂದಿದ್ದರೆ ವಾಯುಸೈನ್ಯ, ಡಬ್ಲ್ಯು‌ಎಂ ಎಂದಿದ್ದರೆ ನೌಕಾಪಡೆ. ಪೊಲೀಸ್ ವಾಹನಗಳಿಗೆ ಬೇರೆ ಅಕ್ಷರಗಳಿದ್ದವು. ಟರೆಟ್ಟಿನ ಮೂರಂಕೆಯ ಸಂಖ್ಯೆಯಲ್ಲಿ ಸಾಮಾನ್ಯವಾಗಿ ಮೊದಲನೆಯದು ಕಂಪನಿಯನ್ನೂ ಎರಡನೆಯದು ಪ್ಲಟೂನನ್ನೂ ಮೂರನೆಯದು ವಾಹನವನ್ನೂ ಹೇಳುತ್ತದೆ. ಉತ್ತರ ಆಫ್ರಿಕಾದಲ್ಲಿದ್ದ ಜರ್ಮನ್ ದಳವಾದ ಆಫ್ರಿಕಾ ಕೋರಿನ ತಾಳೆಮರ, ಹನ್ನೊಂದನೆಯ ಪಾನ್ಜರ್ ಡಿವಿಷನ್ನಿನ ಕತ್ತಿ ಹಿಡಿದ ಭೂತ, ನೂರಹದಿನಾರನೆಯದರ ಬೇಟೆನಾಯಿ ಇಂಥ ಲಾಂಛನಗಳು ಸುಲಭವಾಗಿ ಗುರುತಿಗೆ ಸಿಗುತ್ತವೆ. 1941ರಲ್ಲಿ ರಷ್ಯಕ್ಕೆ ನುಗ್ಗಿದ ವಾಹನಗಳ ಮೇಲೆ ಬರೆದ ಜಿ ಎಂಬ ಅಕ್ಷರ ಜನರಲ್ ಗುಡೇರಿಯನ್‌ನ ಪಾನ್ಜರ್ ಗುಂಪಿಗೂ ಕೆ ಎಂಬುದು ಜನರಲ್ ಕ್ಲೈಸ್ಟ್‌ನ ಗುಂಪಿಗೂ ಸಲ್ಲುತ್ತದೆ. ಆದರೆ ಗುರುತುಗಳು ಶತ್ರುವಿಗೆ ಸುಳ್ಳು ಹೇಳಲಿಕ್ಕೂ ಬಳಕೆಯಾದವು. ಕುರ್ಸ್ಕ್ ಕಾಳಗಕ್ಕೆ ಮುಂಚೆ ಮೂರು ಎಸ್‌ಎಸ್ ಡಿವಿಷನ್ನುಗಳು ತಮ್ಮ ಹಳೆಯ ಲಾಂಛನ ಅಳಿಸಿ ಸರಳ ಗೆರೆಗಳ ಹೊಸ ಚಿಹ್ನೆ ಬರೆದುಕೊಂಡವು. ವಶಪಡಿಸಿಕೊಂಡ ಫ್ರೆಂಚ್, ರಷ್ಯನ್, ಬ್ರಿಟಿಷ್ ವಾಹನಗಳು ಜರ್ಮನ್ ಶಿಲುಬೆ ಹೊತ್ತು ಓಡಾಡಿದವು. ಟ್ಯಾಂಕು ಕಂಡಲ್ಲೆಲ್ಲ ‘ಟೈಗರ್’ ಎಂದು ಬರೆಯುವ ಅಭ್ಯಾಸವಂತೂ ಯುದ್ಧಕಾಲದಿಂದಲೇ ಇದೆ; ಬದಿಗೆ ತೆಳು ಉಕ್ಕಿನ ತಗಡುಗಳನ್ನು ಕಟ್ಟಿಕೊಂಡ ನಾಲ್ಕನೆಯ ಪಾನ್ಜರನ್ನು ಮಿತ್ರರಾಷ್ಟ್ರಗಳ ಸೈನಿಕರು ಎಷ್ಟೋ ಸಲ ಟೈಗರ್ ಎಂದೇ ವರದಿ ಮಾಡಿದ್ದರು.

ಯಂತ್ರದ ಪಕ್ಕದಲ್ಲಿ ನಿಂತ ಮನುಷ್ಯನ ಸಮವಸ್ತ್ರಕ್ಕೂ ಇದೇ ತರ್ಕ ಅನ್ವಯಿಸುತ್ತದೆ. ಪೂರ್ವ ಯುದ್ಧರಂಗದ ಚಳಿಗಾಲದ ಪದಕವನ್ನು 1942ರ ಮೇ 26ರಂದು ಸ್ಥಾಪಿಸಿದ್ದರಿಂದ ಅದರ ರಿಬ್ಬನ್ ತೊಟ್ಟವನ ಚಿತ್ರ ಆ ದಿನಕ್ಕಿಂತ ಹಿಂದಿನದಲ್ಲ. ಮುಂಚಾಚು ಉದ್ದವಾದ ಬಟ್ಟೆ ಟೋಪಿ 1943ರಲ್ಲಿ ಇಡೀ ಸೈನ್ಯಕ್ಕೆ ಬಂದದ್ದು. ಟ್ಯಾಂಕ್ ಸೈನಿಕರ ಕಪ್ಪು ಸಮವಸ್ತ್ರದ ಕಾಲರಿನಲ್ಲಿ ತಲೆಬುರುಡೆಯ ಚಿಹ್ನೆ ಇರುತ್ತಿತ್ತು. ಹಳೆಯ ಕುದುರೆ ದಳಗಳ ಪರಂಪರೆಯಿಂದ ಬಂದ ಆ ಚಿಹ್ನೆಯನ್ನೂ ಕಪ್ಪು ಬಣ್ಣವನ್ನೂ ಕಂಡು ಭೂಸೈನ್ಯದ ಟ್ಯಾಂಕ್ ಸೈನಿಕನನ್ನು ಎಸ್‌ಎಸ್ ಎಂದು ಕರೆದುಬಿಡುವ ತಪ್ಪು ಪತ್ರಿಕೆಗಳಲ್ಲಿ ಇಂದಿಗೂ ನಡೆಯುತ್ತದೆ. ಹದ್ದಿನ ಲಾಂಛನ ಭೂಸೈನಿಕನ ಬಲ ಎದೆಯ ಮೇಲೆಯೂ ಎಸ್‌ಎಸ್‌ನವನ ಎಡತೋಳಿನ ಮೇಲೆಯೂ ಇರುತ್ತದೆ ಎಂಬ ಒಂದು ತಿಳಿವಳಿಕೆಯಿಂದ ಈ ತಪ್ಪನ್ನೂ, ನೆಗೆಟಿವ್ ತಿರುವುಮುರುವಾಗಿ ಪ್ರಿಂಟಾದ ಪ್ರಸಂಗಗಳನ್ನೂ ಹಿಡಿಯಬಹುದು. ಇದರ ವಿರುದ್ಧ ದಿಕ್ಕಿನ ತಪ್ಪು ಹೆಚ್ಚು ಅಪಾಯಕಾರಿ. ಅಪರಾಧಗಳೆಲ್ಲ ಎಸ್‌ಎಸ್‌ಗೆ ಸೇರಿದ್ದು, ಸಾಮಾನ್ಯ ಸೈನ್ಯ ನಿಷ್ಕಳಂಕ ಎಂಬ ಕಥೆ ಯುದ್ಧಾನಂತರದ ಪಶ್ಚಿಮ ಜರ್ಮನಿಯಲ್ಲಿ ದಶಕಗಟ್ಟಲೆ ಚಾಲ್ತಿಯಲ್ಲಿತ್ತು, ಮತ್ತು ಆ ಕಥೆಯನ್ನು ಒಡೆದುದರಲ್ಲಿ ಸೈನಿಕರ ಜೇಬಿನಿಂದ ಹೊರಬಂದ ಇಂಥ ಚಿತ್ರಗಳ ಪಾತ್ರ ದೊಡ್ಡದು.

ಈ ಸಂದರ್ಭದಲ್ಲಿ ಗುರುತಿಸುವಿಕೆಯ ಗಂಭೀರತೆಯನ್ನು ಎಲ್ಲರಿಗೂ ಮನಗಾಣಿಸಿದ ಪ್ರಕರಣವೊಂದನ್ನು ವಿಸ್ತಾರವಾಗಿ ನೋಡಬೇಕಾಗುತ್ತದೆ. ಹ್ಯಾಂಬರ್ಗ್‌ನ ಸಾಮಾಜಿಕ ಸಂಶೋಧನಾ ಸಂಸ್ಥೆ 1995ರ ಮಾರ್ಚಿನಲ್ಲಿ ಜರ್ಮನ್ ಸೈನ್ಯದ ಅಪರಾಧಗಳ ಬಗ್ಗೆ ಪ್ರದರ್ಶನವೊಂದನ್ನು ತೆರೆಯಿತು. ಜರ್ಮನಿ ಮತ್ತು ಆಸ್ಟ್ರಿಯದ ನಗರಗಳಲ್ಲಿ ಸಂಚರಿಸಿದ ಆ ಪ್ರದರ್ಶನವನ್ನು ಲಕ್ಷಾಂತರ ಜನ ನೋಡಿದರು. ತಂದೆ ಅಜ್ಜಂದಿರ ಬಗ್ಗೆ ಮನೆಮನೆಗಳಲ್ಲಿ ಜಗಳಗಳಾದವು, ಬೀದಿಗಳಲ್ಲಿ ಮೆರವಣಿಗೆಗಳಾದವು. 1999ರಲ್ಲಿ ಬೊಗ್ದಾನ್ ಮುಸಿಯಾವ್ ಮತ್ತು ಕ್ರಿಸ್ಟಿಯಾನ್ ಉಂಗ್ವಾರಿ ಎಂಬ ಇಬ್ಬರು ಇತಿಹಾಸಕಾರರು ಅದರ ಕೆಲವು ಚಿತ್ರಗಳನ್ನು ಪ್ರಶ್ನಿಸಿದರು. ಕೆಲವು ಚಿತ್ರಗಳಲ್ಲಿದ್ದವರು ಜರ್ಮನ್ನರಲ್ಲ, ಹಂಗೇರಿ ಮತ್ತು ಫಿನ್ಲೆಂಡಿನ ಸೈನಿಕರು. ಇನ್ನು ಕೆಲವು ಚಿತ್ರಗಳ ಶವಗಳು ಜರ್ಮನ್ನರು ಕೊಂದವರದ್ದಲ್ಲ, 1941ರ ಜೂನ್ ಕೊನೆಯಲ್ಲಿ ಹಿಮ್ಮೆಟ್ಟುವ ಮುಂಚೆ ಸೋವಿಯತ್ ಗುಪ್ತ ಪೊಲೀಸರು ಸೆರೆಮನೆಗಳಲ್ಲಿ ಕೊಂದುಹಾಕಿದ ಕೈದಿಗಳದ್ದು ಎಂಬುದು ಅವರ ಆಕ್ಷೇಪ. ಇಂದಿನ ಉಕ್ರೇನಿಗೆ ಸೇರಿದ ಪೂರ್ವ ಗಲೀಷಿಯದ ಜೊಲೊಚಿವ್ ಊರಿನ ಕೋಟೆಯಂಗಳದ ಚಿತ್ರಗಳು ಈ ವಿವಾದದ ಕೇಂದ್ರದಲ್ಲಿದ್ದವು. ಅಲ್ಲಿ ಆದದ್ದೇ ಹಾಗಿತ್ತು: ಹೂತಿದ್ದ ಕೈದಿಗಳ ಶವಗಳನ್ನು ಹೊರತೆಗೆಯಲು ಊರಿನ ಯಹೂದಿಗಳನ್ನು ಬಲವಂತದಿಂದ ಹಚ್ಚಿ, ಅವರನ್ನೂ ಅಲ್ಲಿಯೇ ಕೊಲ್ಲಲಾಯಿತು. ಎರಡು ಆಡಳಿತಗಳ ಎರಡು ಅಪರಾಧಗಳ ಬಲಿಗಳು ಒಂದೇ ಅಂಗಳದಲ್ಲಿ ಬಿದ್ದಿದ್ದಾಗ, ದೇಹ ಕೊಳೆತಿರುವ ಮಟ್ಟ, ಬಟ್ಟೆ, ಸುತ್ತ ನಿಂತವರ ಸಮವಸ್ತ್ರ ಇವುಗಳನ್ನು ನೋಡದೆ ಶೀರ್ಷಿಕೆ ಬರೆಯುವುದು ಸಾಧ್ಯವಿರಲಿಲ್ಲ.

ಪ್ರದರ್ಶನವನ್ನು 1999ರ ನವೆಂಬರಿನಲ್ಲಿ ನಿಲ್ಲಿಸಿ ಇತಿಹಾಸಕಾರರ ಸಮಿತಿಯೊಂದಕ್ಕೆ ಪರಿಶೀಲನೆ ಒಪ್ಪಿಸಲಾಯಿತು. ಮರುವರ್ಷ ಬಂದ ವರದಿಯ ಪ್ರಕಾರ 1,433 ಚಿತ್ರಗಳಲ್ಲಿ ಅಲ್ಲಿಗೆ ಸೇರದವು ಇಪ್ಪತ್ತಕ್ಕೂ ಕಡಿಮೆ. ಪ್ರದರ್ಶನದ ಮೂಲ ಪ್ರತಿಪಾದನೆ ಸರಿ, ಆದರೆ ಚಿತ್ರಗಳನ್ನು ಆಕರಗಳಾಗಿ ಬಳಸಿದ ರೀತಿಯಲ್ಲಿ ಅಜಾಗರೂಕತೆಯಿದೆ ಎಂದು ವರದಿ ಹೇಳಿತು. 2001ರಲ್ಲಿ ಬರ್ಲಿನ್ನಿನಲ್ಲಿ ತೆರೆದ ಪರಿಷ್ಕೃತ ಪ್ರದರ್ಶನದಲ್ಲಿ ಚಿತ್ರಗಳಿಗಿಂತ ಲಿಖಿತ ದಾಖಲೆಗಳಿಗೆ ಹೆಚ್ಚಿನ ಸ್ಥಾನ ದೊರೆಯಿತು. ನೂರಕ್ಕೆ ಒಂದೂವರೆಗೂ ಕಡಿಮೆ ತಪ್ಪು ಸಣ್ಣದೆಂದು ತೋರಬಹುದು. ಆದರೆ ನಿರಾಕರಿಸಲು ಕಾದು ಕುಳಿತವರಿಗೆ ಅಷ್ಟೇ ಸಾಕಾಯಿತು. ಹಂಗೇರಿಯ ಟೋಪಿಗೂ ಜರ್ಮನ್ ಟೋಪಿಗೂ ಇರುವ ವ್ಯತ್ಯಾಸ ಬಲ್ಲ ಸಂಗ್ರಾಹಕನೊಬ್ಬನನ್ನು ಮೊದಲೇ ಕರೆದು ತೋರಿಸಿದ್ದರೆ ತಪ್ಪುಗಳಲ್ಲಿ ಕೆಲವಾದರೂ ಉಳಿಯುತ್ತಿರಲಿಲ್ಲ. ವಿದ್ವಾಂಸರ ತಾತ್ಸಾರಕ್ಕೆ ಬೆಲೆ ತೆತ್ತದ್ದು ಹೀಗೆ.

ಬೆನ್ನಬರಹವೇ ಸಾಕ್ಷಿಯಾದ ಪ್ರಕರಣಗಳೂ ಇವೆ. 1942ರಲ್ಲಿ ಉಕ್ರೇನಿನ ಇವಾನ್‌ಹೊರೊಡ್‌ನಲ್ಲಿ ಮಗುವನ್ನು ಅಪ್ಪಿ ತಿರುಗಿದ ಮಹಿಳೆಯತ್ತ ಸೈನಿಕನೊಬ್ಬ ಬಂದೂಕು ಗುರಿಯಿಟ್ಟ ಚಿತ್ರವನ್ನು ಪೂರ್ವ ಯುದ್ಧರಂಗದಿಂದ ಜರ್ಮನಿಗೆ ಅಂಚೆಯಲ್ಲಿ ಕಳುಹಿಸಲಾಗಿತ್ತು. ವಾರ್ಸಾದ ಅಂಚೆ ಕಚೇರಿಯಲ್ಲಿದ್ದ ಪೋಲಿಷ್ ಪ್ರತಿರೋಧ ಚಳವಳಿಯವರು ಅದನ್ನು ತಡೆದು ಉಳಿಸಿದರು. 1960ರ ದಶಕದಲ್ಲಿ ಪಶ್ಚಿಮ ಜರ್ಮನಿಯ ಬಲಪಂಥೀಯ ಪತ್ರಿಕೆಯೊಂದು ಇದು ಕಮ್ಯುನಿಸ್ಟರು ಸೃಷ್ಟಿಸಿದ ನಕಲಿ ಎಂದಾಗ ಉತ್ತರವಾಗಿ ನಿಂತದ್ದು ಮೂಲ ಪ್ರಿಂಟಿನ ಹಿಂಬದಿಯಲ್ಲಿ ಜರ್ಮನ್ ಭಾಷೆಯಲ್ಲಿ ಬರೆದ ಊರು, ವರ್ಷ ಮತ್ತು ಯಹೂದಿಗಳ ಮೇಲಿನ ಕಾರ್ಯಾಚರಣೆ ಎಂಬ ಟಿಪ್ಪಣಿ. ಗುಂಡಿಯ ಅಂಚಿನಲ್ಲಿ ಕುಳಿತವನ ತಲೆಗೆ ಪಿಸ್ತೂಲು ಹಿಡಿದ, ‘ವಿನ್ನಿತ್ಸಾದ ಕೊನೆಯ ಯಹೂದಿ’ ಎಂಬ ಹೆಸರಿನಿಂದ 1961ರಿಂದ ಲೋಕಪ್ರಸಿದ್ಧವಾದ ಚಿತ್ರದ ಕಥೆ ಇದಕ್ಕಿಂತ ಬೇರೆ. ವಾಷಿಂಗ್ಟನ್ನಿನ ಹೋಲೋಕಾಸ್ಟ್ ಸ್ಮಾರಕ ವಸ್ತುಸಂಗ್ರಹಾಲಯದ ಇತಿಹಾಸಕಾರ ಯುರ್ಗೆನ್ ಮಾಟೆಯುಸ್ ಇತ್ತೀಚಿನ ವರ್ಷಗಳಲ್ಲಿ, ಸೇನಾಧಿಕಾರಿಯೊಬ್ಬನ ದಿನಚರಿ ಮತ್ತು ಅದರೊಡನೆ ಉಳಿದಿದ್ದ ಪ್ರಿಂಟಿನ ಆಧಾರದಿಂದ, ಅದು ವಿನ್ನಿತ್ಸಾದ್ದಲ್ಲ, ಬೆರ್ಡಿಚಿವ್ ಊರಿನದು, 1941ರ ಜುಲೈ ಕೊನೆಯದು ಎಂದು ತೋರಿಸಿಕೊಟ್ಟರು. ಅರವತ್ತು ವರ್ಷ ಆ ಚಿತ್ರ ತಪ್ಪು ಊರಿನ ಹೆಸರು ಹೊತ್ತು ಪಠ್ಯಪುಸ್ತಕಗಳಲ್ಲಿ ಓಡಾಡಿತು. ದಿನಚರಿಯೂ ಪ್ರಿಂಟೂ ಬೇರೆಬೇರೆಯಾಗಿ ಮಾರಾಟವಾಗಿದ್ದರೆ ಇನ್ನೂ ಓಡಾಡುತ್ತಿತ್ತು.

ಮಾರಾಟದ ಪದ್ಧತಿಯ ಮೇಲೆ ಇಲ್ಲಿ ಕಟುವಾಗಿ ಮಾತನಾಡದೆ ಗತ್ಯಂತರವಿಲ್ಲ. ಸೈನಿಕನೊಬ್ಬ ತೀರಿಕೊಂಡು ಮನೆ ಖಾಲಿ ಮಾಡುವಾಗ ಅವನ ಆಲ್ಬಮ್ಮು ವ್ಯಾಪಾರಿಯ ಕೈ ಸೇರುತ್ತದೆ. ಟೈಗರ್ ಅಥವಾ ಪ್ಯಾಂಥರಿನ ಒಂದು ಚಿತ್ರಕ್ಕೆ ಇಡೀ ಆಲ್ಬಮ್ಮಿನ ಉಳಿದ ಪುಟಗಳಿಗಿಂತ ಹೆಚ್ಚು ಬೆಲೆ ಬರುವುದರಿಂದ ವ್ಯಾಪಾರಿ ಪುಟಗಳನ್ನು ಕಿತ್ತು ಒಂದೊಂದನ್ನೂ ಬಿಡಿಯಾಗಿ ಹರಾಜಿಗಿಡುತ್ತಾನೆ. ಟ್ಯಾಂಕು ಒಂದು ದೇಶಕ್ಕೆ, ಸೇತುವೆ ಇನ್ನೊಂದು ದೇಶಕ್ಕೆ, ಗಲ್ಲಿಗೇರಿಸಿದವರ ಚಿತ್ರ ಮೂರನೆಯ ಕಡೆಗೆ ಹೋಗುತ್ತದೆ. ತಾಯಿ ತಂಗಿಯರ ಚಿತ್ರಗಳು ಕಸದ ಬುಟ್ಟಿಗೆ. ಹಿಂದಿನ ಪುಟದ ನದಿಯಿಂದ ಊರನ್ನೂ ಮುಂದಿನ ಪುಟದ ಗೋರಿಯ ಮೇಲಿನ ಹೆಸರಿನಿಂದ ದಳವನ್ನೂ ಗುರುತಿಸಬಹುದಾಗಿದ್ದ ಅವಕಾಶ ಆ ದಿನವೇ ಮುಗಿಯುತ್ತದೆ. ಆಲ್ಬಮ್ಮು ಇಡಿಯಾಗಿ ಉಳಿದರೆ ಏನಾಗಬಲ್ಲದು ಎಂಬುದಕ್ಕೆ ವಾಷಿಂಗ್ಟನ್ನಿನ ಅದೇ ವಸ್ತುಸಂಗ್ರಹಾಲಯಕ್ಕೆ 2007ರಲ್ಲಿ ಸೇರಿದ, 116 ಚಿತ್ರಗಳ ಹ್ಯೋಕರ್ ಆಲ್ಬಮ್ ನಿದರ್ಶನ. ಮೊದಲ ಪುಟದ ‘ಔಶ್ವಿಟ್ಸ್ 21.6.44’ ಎಂಬ ಬರಹ ಮತ್ತು ಸಮವಸ್ತ್ರಗಳ ಹುದ್ದೆಯ ಚಿಹ್ನೆಗಳಿಂದ ಅದರ ಒಡೆಯ ಔಶ್ವಿಟ್ಸ್ ಎಂಬ ಸಾಮೂಹಿಕ ಹತ್ಯೆಯ ಶಿಬಿರದ ಮುಖ್ಯಾಧಿಕಾರಿಯ ಸಹಾಯಕ ಕಾರ್ಲ್ ಹ್ಯೋಕರ್ ಎಂದು ಗೊತ್ತಾಯಿತು. ಆಗ ಉಳಿದ ಪುಟಗಳ ವನವಿಹಾರ, ಹಾಡು, ಹಣ್ಣು ತಿನ್ನುವ ತರುಣಿಯರ ನಗು ಎಲ್ಲಕ್ಕೂ ತಾನಾಗಿಯೇ ಅರ್ಥ ಬಂತು. ಅದೇ ಚಿತ್ರಗಳಲ್ಲಿ ಒಂದನ್ನು ಬಿಡಿಯಾಗಿ ಕಂಡವರು ಯಾವುದೋ ರಜಾದಿನದ ಚಿತ್ರವೆಂದು ಪಕ್ಕಕ್ಕಿಡುತ್ತಿದ್ದರು.

ಭಾರತಕ್ಕೂ ಈ ಚಿತ್ರರಾಶಿಗೂ ನೇರ ಸಂಬಂಧವಿರುವ ಒಂದು ಭಾಗವಿದೆ. ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಭಾರತೀಯ ಸೈನಿಕರಲ್ಲಿ ಸೇರಬಯಸಿದವರನ್ನು ಕೂಡಿಸಿ, ಸುಭಾಷ್‌ಚಂದ್ರ ಬೋಸರ ಪ್ರಯತ್ನದಿಂದ ಕಟ್ಟಿದ, ಜರ್ಮನ್ ಸೈನ್ಯದಲ್ಲಿ 950ನೆಯ ಪದಾತಿ ರೆಜಿಮೆಂಟ್ ಎನಿಸಿಕೊಂಡ ಇಂಡಿಯನ್ ಲೀಜನ್ 1943ರಲ್ಲಿ ನೆದರ್ಲೆಂಡ್ಸ್‌ನಲ್ಲೂ ಆಮೇಲೆ ಫ್ರಾನ್ಸಿನ ಬೋರ್ಡೊ ಸಮೀಪದ ಕರಾವಳಿಯಲ್ಲೂ ಇತ್ತು. ಪ್ರಚಾರ ದಳದವರು ಇವರನ್ನು ಬಹಳವಾಗಿ ಚಿತ್ರಿಸಿದರು. 1944ರ ಫೆಬ್ರವರಿಯಲ್ಲಿ ಜರ್ಮನ್ ಸೇನಾಪತಿ ರೋಮೆಲ್ ಬಂದು ನೋಡಿದ ಸಂದರ್ಭದ ಚಿತ್ರಗಳೂ ಉಳಿದಿವೆ. ಜರ್ಮನ್ ಅಂಗಿಯ ಮೇಲೆ ಪೇಟ, ತೋಳಿನ ಮೇಲೆ ಕೇಸರಿ ಬಿಳಿ ಹಸಿರು ಪಟ್ಟಿಗಳಲ್ಲಿ ನೆಗೆಯುವ ಹುಲಿ ಮತ್ತು ‘ಫ್ರೈಯೆಸ್ ಇಂಡಿಯೆನ್’, ಅಂದರೆ ಸ್ವತಂತ್ರ ಭಾರತ, ಎಂಬ ಅಕ್ಷರಗಳಿದ್ದರೆ ಗುರುತಿಗೆ ತೊಂದರೆಯಿಲ್ಲ, ಆ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿದ್ದರೆ ಪ್ರಿಂಟು ತಿರುವಾಗಿದೆ ಎಂಬುದೂ ಅಲ್ಲೇ ತಿಳಿಯುತ್ತದೆ. ಎದುರು ಬದಿಯಲ್ಲಿ ಬೆಂಗಳೂರನ್ನು ಕೇಂದ್ರವಾಗುಳ್ಳ ಮದ್ರಾಸ್ ಸ್ಯಾಪರ್ಸ್ ದಳದ ಕಂಪನಿಗಳು ಉತ್ತರ ಆಫ್ರಿಕಾದಲ್ಲೂ ಇಟಲಿಯಲ್ಲೂ ದುಡಿದವು. ಆ ಸೈನಿಕರ ಕುಟುಂಬಗಳ ಪೆಟ್ಟಿಗೆಗಳಲ್ಲಿ ಸುಟ್ಟ ಜರ್ಮನ್ ಲಾರಿಯ ಮುಂದೆ ನಿಂತ ಅಜ್ಜನ ಚಿತ್ರ ಸಿಕ್ಕರೆ ಅದನ್ನು ಓದುವ ಕ್ರಮವೂ ಇದೇ: ಪ್ಲೇಟಿನ ಅಕ್ಷರ, ಬಾಗಿಲಿನ ಲಾಂಛನ, ಕಾಗದದ ಬೆನ್ನು.

ಕೊನೆಯದಾಗಿ ಸೈನಿಕನ ಹೆಸರಿನ ಪ್ರಶ್ನೆ. ವಾಹನದ ಮಾದರಿ ತಿಳಿದ ಮೇಲೆ ಬಹುತೇಕ ಸಂಗ್ರಾಹಕರು ನಿಲ್ಲಿಸಿಬಿಡುತ್ತಾರೆ. ಟ್ಯಾಂಕಿನ ಮುಂದೆ ನಿಂತವನು ಅವರಿಗೆ ಅಳತೆಗೋಲು ಮಾತ್ರ. ಹೆಸರಿನ ಕಡೆಗೂ ದಾರಿಗಳಿವೆ. ಆಲ್ಬಮ್ಮಿನ ಜೊತೆಗೆ ಒಂದು ಲಕೋಟೆ ಉಳಿದಿದ್ದರೂ ಅದರ ಮೇಲಿನ ಸೈನಿಕ ಅಂಚೆಯ ಐದಂಕೆಯ ಸಂಖ್ಯೆಯಿಂದ, ಅಂಚೆ ಮೊಹರಿನ ದಿನಾಂಕವನ್ನು ಜೊತೆಗಿಟ್ಟು, ದಳವನ್ನು ಕಂಡುಹಿಡಿಯಬಹುದು; ಒಂದೇ ಸಂಖ್ಯೆಯನ್ನು ಬೇರೆಬೇರೆ ಕಾಲದಲ್ಲಿ ಬೇರೆ ದಳಗಳಿಗೆ ಕೊಟ್ಟಿದ್ದರಿಂದ ದಿನಾಂಕವಿಲ್ಲದ ಸಂಖ್ಯೆಗೆ ಅರ್ಧ ಬೆಲೆ. ಸತ್ತವರ, ಗಾಯಗೊಂಡವರ, ಸೆರೆಯಾದವರ ದಾಖಲೆಗಳನ್ನಿಡಲು 1939ರಲ್ಲಿ ಬರ್ಲಿನ್ನಿನಲ್ಲಿ ಆರಂಭವಾದ ಕಚೇರಿಯ ಕಡತಗಳು 2019ರ ಜನವರಿಯಿಂದ ಬುಂಡೆಸ್‌ಆರ್ಕೀವ್‌ಗೆ ಸೇರಿವೆ. ಹೀಗೆ ದೊರೆತ ಹೆಸರನ್ನು ಚಿತ್ರದ ಮುಖಕ್ಕೆ ಕಟ್ಟುವ ಮೊದಲು ಖಚಿತ, ಸಂಭಾವ್ಯ, ಊಹೆ ಎಂಬ ಮೂರು ದರ್ಜೆಗಳಲ್ಲಿ ಯಾವುದಕ್ಕೆ ಅದು ಸೇರುತ್ತದೆ ಎಂದು ಬರೆಯಬೇಕು. ಬರಹ ಪ್ರಿಂಟಿನ ಮೇಲಲ್ಲ, ಬೇರೆ ಕಾಗದದ ಮೇಲೆ ಇರಬೇಕು. ಹಳೆಯ ಶೀರ್ಷಿಕೆ ತಪ್ಪೆಂದು ಸಿದ್ಧವಾದರೂ ಅದನ್ನು ಅಳಿಸಬಾರದು. ತಪ್ಪು ಹೆಸರು ಬಿದ್ದರೆ ಬದುಕಿರುವ ಮೊಮ್ಮಕ್ಕಳು ಮಾಡದ ಅಪರಾಧದ ಹೊರೆ ಹೊರುತ್ತಾರೆ. ಸರಿಯಾದ ಹೆಸರು ಬಿದ್ದಲ್ಲಿ ನ್ಯಾಯಾಲಯಕ್ಕೂ ಅದು ಉಪಯೋಗಕ್ಕೆ ಬಂದದ್ದುಂಟು: ಯಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾ ಘೆಟ್ಟೋದಲ್ಲಿ 1943ರಲ್ಲಿ ತೆಗೆದ ಚಿತ್ರದಲ್ಲಿ ಕೈಯೆತ್ತಿ ನಿಂತ ಬಾಲಕನ ಹಿಂದೆ ಬಂದೂಕು ಹಿಡಿದು ನಿಂತ ಎಸ್‌ಎಸ್‌ನವನು ಯೋಸೆಫ್ ಬ್ಲ್ಯೋಶೆ ಎಂದು ಗುರುತಾಗಿ, ಪೂರ್ವ ಜರ್ಮನಿಯಲ್ಲಿ ವಿಚಾರಣೆ ನಡೆದು, 1969ರಲ್ಲಿ ಅವನಿಗೆ ಮರಣದಂಡನೆ ಜಾರಿಯಾಯಿತು. ಆದರೆ ಆ ಬಾಲಕ ಯಾರೆಂಬುದರ ಬಗ್ಗೆ ಬಂದಿರುವ ಹಲವು ಹೇಳಿಕೆಗಳಲ್ಲಿ ಒಂದೂ ಮೂರು ದರ್ಜೆಗಳಲ್ಲಿ ಮೊದಲನೆಯದಕ್ಕೆ ಏರಿಲ್ಲ.